ಅಸಲ್ ಉತ್ತರ್ ಟ್ಯಾಂಕ್ ರಣಭೂಮಿಗೆ ಹೋಗೋದು ಹೆಂಗ, ಅಲ್ಲಿ ಕತಿ ಯಾವ್ದು ಖರೆ ಯಾವ್ದು ಅಂತ ಜರಡಿ ಹಿಡಿಯೋದು ಹೆಂಗ

ನಮ್ಮ ಗಂಗಾವತ್ಯಾಗ ಚಾ ಅಂಗಡಿ ಮುಂದ ಕುಂತು 1965ರ ಯುದ್ಧದ ಮಾತು ತಗದ್ರ ಸಾಕು, ಒಬ್ಬಾಂವ ಅಬ್ದುಲ್ ಹಮೀದ್ ಅನ್ನೋ ಸೈನಿಕ ಒಬ್ಬನ 10 ಟ್ಯಾಂಕ್ ಉಡಾಯಿಸಿದ ಅಂತಾನ, ಇನ್ನೊಬ್ಬ ಹೇ ಇಲ್ಲಲೇ 7 ಅಂತಾನ, ಮೂರನೇದಾಂವ ಅವ ಎದಿಗೆ ಬಾಂಬ್ ಕಟ್ಗೊಂಡು ಟ್ಯಾಂಕಿನ ಬುಡಕ ಹೋಗಿ ಮಲ್ಕೊಂಡ ಅಂತ ಕಣ್ಣಾರೆ ನೋಡಿದವ್ರಂಗ ಹೇಳ್ತಾನ. ಎಲ್ಲಾ ವಾಟ್ಸಾಪ್‌ದಾಗ ಬಂದಿದ್ದು. ನನಗೂ ಎಷ್ಟೋ ವರ್ಷ ಅಷ್ಟ ಗೊತ್ತಿತ್ತು. ಒಂದ್ಸಲ ಸೆಪ್ಟೆಂಬರ್‌ದಾಗ ನಾನು, ನಮ್ಮ ಸೋದರಮಾವ (ಭತ್ತದ ಗದ್ದಿ, ಟ್ರ್ಯಾಕ್ಟರ್, ಇಷ್ಟ ಅವನ ಪ್ರಪಂಚ) ಇಬ್ರೂ ಪಂಜಾಬಿನ ಖೇಮಕರಣ್ ತನಕ ಹೋಗಿ ಬಂದ್ವಿ. ಆಮ್ಯಾಲೆ ಕೇಳಿದವ್ರಿಗೆಲ್ಲಾ ಫೋನಿನ್ಯಾಗ ಹೇಳಿ ಹೇಳಿ ಸಾಕಾತು, ಅದಕ ಇದನ್ನ ಉದ್ದಕ ಬರದು ಇಡ್ತೀನಿ. ಅವಸರ ಇದ್ದವ್ರು ಪ್ರಯಾಣದ ಭಾಗ ಅಷ್ಟ ಓದ್ರಿ, ಆದ್ರ ಖರೆ ಹೇಳ್ಬೇಕಂದ್ರ ಟ್ರೇನ್ ಹತ್ತೂ ಮೊದಲ ಮಾಡೋ ಕೆಲಸನ ಜಾಸ್ತಿ.

ಮೊದಲ ಇದು ಯಾವ ಯುದ್ಧ ಅಂತ ಎರಡು ಮಾತು

1965 ಸೆಪ್ಟೆಂಬರ್ 6ಕ್ಕ ನಮ್ಮ ಸೈನ್ಯ ಲಾಹೋರ್ ಕಡೆ ಗಡಿ ದಾಟ್ತು. ಖೇಮಕರಣ್ ಕಡಿಯಿಂದ ಮುಂದ ಹೋದದ್ದು 4ನೇ ಮೌಂಟೇನ್ ಡಿವಿಜನ್, ಮೇಜರ್ ಜನರಲ್ ಗುರ್ಬಕ್ಷ್ ಸಿಂಗ್ ಕೈಯಾಗಿಂದು. ಅವ್ರಿಗೆ ಇಚ್ಛೋಗಿಲ್ ಕಾಲುವಿ ತನಕ ಹೋಗಬೇಕಿತ್ತು, ಆಗಲಿಲ್ಲ, ಏಟು ತಿಂದು ಹಿಂದ ಸರದ್ರು. ಇದನ್ನ ಯಾವ ಫಾರ್ವರ್ಡ್ ಮೆಸೇಜೂ ಹೇಳಂಗಿಲ್ಲ ನೋಡ್ರಿ. ಹಿಂದ ಸರದು ಅಸಲ್ ಉತ್ತರ್ ಅನ್ನೋ ಹಳ್ಳಿ ಸುತ್ತ ಕುದುರಿ ಲಾಳದ ಆಕಾರದಾಗ ಕುಂತ್ರು. ಪಾಕಿಸ್ತಾನದ 1ನೇ ಆರ್ಮರ್ಡ್ ಡಿವಿಜನ್ ಅಮೆರಿಕಾದ ಪ್ಯಾಟನ್ ಟ್ಯಾಂಕ್ ತಗೊಂಡು ಬಂತು, ಅವ್ರ ಗುರಿ ಬಿಯಾಸ್ ನದಿ ಸೇತುವಿ ಹಿಡದು ಅಮೃತಸರ ಕಡೆ ಹೋಗೋ ಜಿ.ಟಿ. ರೋಡ್ ಕಟ್ ಮಾಡೋದು. 8ರಿಂದ 10ರ ತನಕ 3 ದಿನ ಹೊಡೆದಾಟ. ಲಾಳದ ಒಳಗ ಬಂದ ಟ್ಯಾಂಕು ಕೆಸರಿನ್ಯಾಗ, ಕಬ್ಬಿನ್ಯಾಗ ಸಿಕ್ಕು ಸುಟ್ಟು ಹೋದವು, ಇಲ್ಲಾ ಬಿಟ್ಟು ಓಡಿಹೋದ್ರು. ಇಷ್ಟು ಎರಡೂ ಕಡಿಯವ್ರು ಒಪ್ಪೋ ಮಾತು. ತಕರಾರು ಶುರುವಾಗೋದು ಎಷ್ಟು, ಯಾರು, ಹೆಂಗ ಅನ್ನೋದ್ರಾಗ.

ಮನಿ ಬಾಜೂಕ ಪ್ರಾಕ್ಟೀಸ್ ಮಾಡ್ರಿ

ಪಂಜಾಬಿಗೆ ಹೋಗೂ ಮೊದಲ ರಾಯಚೂರು ಕೋಟಿಗೆ ಒಂದು ದಿನ ಹೋಗ್ರಿ. ನಗಬ್ಯಾಡ್ರಿ, ಟ್ಯಾಂಕ್ ಇಲ್ಲ ಖರೆ, ಆದ್ರ ಲೆಕ್ಕ ಹೆಂಗ ಉಬ್ಬತೈತಿ ಅಂತ ಕಲಿಯಾಕ ಇದಕ್ಕಿಂತ ಚಲೋ ಜಾಗ ಇಲ್ಲ. 1520ರಾಗ ಕೃಷ್ಣದೇವರಾಯ, ಇಸ್ಮಾಯಿಲ್ ಆದಿಲ್ ಶಾ ನಡುವ ಇಲ್ಲೆ ದೊಡ್ಡ ಯುದ್ಧ ಆತು. ಅದರ ಬಗ್ಗೆ ಎಲ್ಲಾರೂ ತಗಿಯೋ ಲೆಕ್ಕ ಪೋರ್ಚುಗೀಸ್ ಕುದುರಿ ವ್ಯಾಪಾರಿ ನೂನಿಜ್ ಬರದದ್ದು: ರಾಯನ ಕಡೆ 7,03,000 ಕಾಲಾಳು, 32,600 ಕುದುರಿ, 551 ಆನಿ. ಈಗ ಕೋಟಿ ಮ್ಯಾಲೆ ಹತ್ತಿ ಸುತ್ತ ನೋಡ್ರಿ, ಬ್ಯಾಸಗಿ ಮೇ ತಿಂಗಳು, 7 ಲಕ್ಷ ಮಂದಿಗೆ ದಿನಾ ಕುಡಿಯಾಕ ನೀರು ಎಲ್ಲಿಂದ ಬಂತು, ಇಷ್ಟೂ ಕುದುರಿಗೆ ಮೇವು ಎಲ್ಲಿತ್ತು ಅಂತ ನಿಮಗ ನೀವ ಕೇಳ್ಕೊಳ್ರಿ. ಆಮ್ಯಾಲೆ ಇನ್ನೊಂದು ಪ್ರಶ್ನಿ: ನೂನಿಜ್ ಇದನ್ನ ಬರದದ್ದು ಯುದ್ಧ ಆಗಿ ವರ್ಷಗಟ್ಟಲೆ ಆದ ಮ್ಯಾಲೆ, ಅವನ ಬರಹದಾಗ ವರ್ಷಾನ 1522 ಅಂತ ಐತಿ, ನಂತರ ಇತಿಹಾಸಕಾರ ಸೀವೆಲ್ ಅಮಾವಾಸಿ, ಶನಿವಾರ ಎಲ್ಲಾ ಕೂಡಿಸಿ ನೋಡಿ 1520 ಮೇ 19 ಅಂತ ತಿದ್ದಿದ. ವರ್ಷನ ತಪ್ಪಿದವ ಮಂದಿ ಲೆಕ್ಕ ಸರಿ ಕೊಟ್ಟಾನಂತ ಹೆಂಗ ನಂಬೋದು. ಹಂಗಂತ ಯುದ್ಧ ಆಗಲಿಲ್ಲ, ರಾಯ ಗೆಲ್ಲಲಿಲ್ಲ ಅಂತ ಅಲ್ಲ. ಗೆದ್ದದ್ದು ಖರೆ, ಲೆಕ್ಕ ಬ್ಯಾರೆ. ಇವೆರಡನ್ನೂ ಬ್ಯಾರೆ ಬ್ಯಾರೆ ಇಡೋದ ಈ ಕೆಲಸದ ಅರ್ಧ ಪಾಲು.

ಅಲ್ಲೆ ಕೋಟಿ ಗ್ವಾಡಿಗೆ 1294ರ ಶಾಸನ ಇರೋ ಉದ್ದನೇ ಕಲ್ಲು ಐತಿ, 41 ಅಡಿ ಮ್ಯಾಲೆ. ಅಷ್ಟು ದೊಡ್ಡ ಕಲ್ಲು ಬಂಡಿ ಮ್ಯಾಲೆ ಹಾಕಿ ಎಳಕೊಂಡು ಬಂದದ್ದನ್ನ ಅಲ್ಲೆ ಗೆರಿ ಚಿತ್ರ ಬಿಡಿಸ್ಯಾರ. ಇಂಥಾದ್ದಕ್ಕ ನಾನು ಸಾಕ್ಷಿ ಅಂತೀನಿ, ಕಣ್ಣಿಗೆ ಕಾಣ್ತೈತಿ, ಮುಟ್ಟಾಕ ಬರ್ತೈತಿ, ಯಾವಾಗಿಂದು ಅಂತ ಅದರ ಮ್ಯಾಲ ಬರದೈತಿ.

ಒಂದು ನೋಟ್‌ಬುಕ್, ಮೂರು ಸಾಲು

200 ಪೇಜಿನ ನೋಟ್‌ಬುಕ್ ತಗೊಳ್ರಿ. ನೀವು ಕೇಳಿದ ಒಂದೊಂದು ಮಾತೂ ಒಂದೊಂದು ಪೇಜಿನ ಮ್ಯಾಲೆ ಬರೀರಿ. ಅದರ ಕೆಳಗ ಮೂರ ಸಾಲು: ಯಾರು ಹೇಳಿದ್ರು, ಅವ್ರು ಆವಾಗ ಎಲ್ಲಿದ್ರು, ಲೆಕ್ಕದಾಗ ಏನೇನು ಸೇರೈತಿ. ಮೊಬೈಲ್‌ನ್ಯಾಗ ಬರಕೊಂಡ್ರೂ ನಡಿತೈತಿ, ಆದ್ರ ಸೆಪ್ಟೆಂಬರ್ ಬಿಸಿಲಾಗ ಸ್ಕ್ರೀನ್ ಕಾಣಂಗಿಲ್ಲ, ನಾನು ಅನುಭವಿಸಿ ಹೇಳಾಕತ್ತೀನಿ.

ಮೊದಲ್ನೇ ಪೇಜಿಗೆ ಅಬ್ದುಲ್ ಹಮೀದ್‌ದ ಹಾಕ್ರಿ. ಅವ 4 ಗ್ರೆನೇಡಿಯರ್ಸ್‌ನ ಕಂಪನಿ ಕ್ವಾರ್ಟರ್ ಮಾಸ್ಟರ್ ಹವಿಲ್ದಾರ್, ಉತ್ತರ ಪ್ರದೇಶದ ಗಾಜಿಪುರ ಜಿಲ್ಲಾದ ಧಾಮುಪುರ ಊರಿನಾಂವ, 1933ರಾಗ ಹುಟ್ಟಿದ್ದು, ಅಂದ್ರ ಆವಾಗ 32 ವಯಸ್ಸು. ಪರಮವೀರ ಚಕ್ರ ಸಿಕ್ಕಾಗ ಸರ್ಕಾರ ಹೊರಡಿಸಿದ ಉಲ್ಲೇಖ ಪತ್ರ ಐತಲ್ಲ, ಸೈಟೇಶನ್ ಅಂತಾರ, ಅದು ಸರ್ಕಾರದ ಗ್ಯಾಲಂಟ್ರಿ ಅವಾರ್ಡ್ಸ್ ವೆಬ್‌ಸೈಟ್‌ನ್ಯಾಗ ಪುಗ್ಸಟ್ಟೆ ಓದಾಕ ಸಿಗತೈತಿ. ಅದನ್ನ ಪ್ರಿಂಟ್ ತಗೊಂಡು ಹೋಗ್ರಿ, ಇಡೀ ಪ್ರವಾಸದಾಗ ಇದರಷ್ಟು ಕೆಲಸಕ್ಕ ಬರೋ ಕಾಗದ ಇನ್ನೊಂದಿಲ್ಲ. ಅದರಾಗ ಏನೈತಿ ಅಂದ್ರ: ಸೆಪ್ಟೆಂಬರ್ 10, ಬೆಳಿಗ್ಗೆ 8 ಗಂಟೆ, ಭಿಖಿವಿಂಡ್–ಖೇಮಕರಣ್ ರಸ್ತಾದ ಮ್ಯಾಲೆ ಚೀಮಾ ಹಳ್ಳಿ ಮುಂದ. ಜೀಪಿನ ಮ್ಯಾಲಿನ, ಟ್ಯಾಂಕ್ ಹೊಡಿಯೋ ರಿಕಾಯ್ಲ್‌ಲೆಸ್ ಗನ್ ತಗೊಂಡು ಬಾಜೂಕ ಸರದು ಮುಂದಿನ ಟ್ಯಾಂಕ್ ಹೊಡದ, ಜಾಗ ಬದಲ ಮಾಡಿ ಇನ್ನೊಂದಕ್ಕ ಬೆಂಕಿ ಹಚ್ಚಿದ, ಅಷ್ಟ್ರಾಗ ಅವ್ರಿಗೆ ಇವ ಎಲ್ಲೈದಾನ ಅಂತ ಗೊತ್ತಾತು, ಆದ್ರೂ ಬಿಡದ ಮೂರನೇದಕ್ಕ ಹೊಡಿಯಾಕತ್ತಾಗ ಶೆಲ್ ಬಿದ್ದು ಹೋದ.

ಅಂದ್ರ ಸರ್ಕಾರದ ಕಾಗದದಾಗ 7 ಇಲ್ಲ, 10 ಇಲ್ಲ. ಹಂಗಾದ್ರ 7 ಸುಳ್ಳೇನು? ಇಲ್ಲೇ ಮಂದಿ ಎಡವೋದು. ಸೈಟೇಶನ್ ಹೇಳೋದು ಬರೇ 10ನೇ ತಾರೀಖು ಮುಂಜಾನಿದು. 8, 9ನೇ ತಾರೀಖು ಹೊಡದದ್ದನ್ನೂ ಕೂಡಿಸಿ ಹೇಳೋವ್ರು 7 ಅಂತಾರ, ಕೆಲವ್ರು 8 ಅಂತಾರ. ಎರಡೂ ಒಂದಕ್ಕೊಂದು ಜಗಳ ಆಡಂಗಿಲ್ಲ, ಯಾವ ದಿನದಿಂದ ಯಾವ ದಿನಕ್ಕ ಎಣಿಸ್ಯಾರ ಅನ್ನೋದಷ್ಟ ಬ್ಯಾರೆ. ಎದಿಗೆ ಬಾಂಬ್ ಕಟ್ಗೊಂಡ ಕತಿಗೆ ಮಾತ್ರ ಈ ಕಾಗದದಾಗ ಜಾಗ ಇಲ್ಲ, ಅದನ್ನ ಕ್ರಾಸ್ ಹಾಕ್ರಿ. ಕೈಯಾಗ ರಿಕಾಯ್ಲ್‌ಲೆಸ್ ಗನ್ ಇದ್ದಾಂವ ಯಾಕ ಬಾಂಬ್ ಕಟ್ಗೊಳ್ತಾನ ಹೇಳ್ರಿ.

ಆ ಗನ್ನಿಂದೂ ಒಂದು ಮಜಾ ಐತಿ. ಎಲ್ಲಾ ಕಡೆ 106 ಎಂ.ಎಂ. ಅಂತ ಬರದಿರ್ತಾರ, ಅಳತಿ ತಗೊಂಡ್ರ ಒಳಗಿನ ಬಾಯಿ 105 ಎಂ.ಎಂ. ಮೊದಲ ಇದ್ದ ಬ್ಯಾರೆ 105ರ ಗುಂಡು ಇದಕ್ಕ ಹಾಕಬಾರದು ಅಂತ ಹೆಸರ 106 ಇಟ್ರು. ಹೊಡದ ಕೂಡ್ಲೆ ಹಿಂದಿನಿಂದ ಭರ್ರಂತ ಬೆಂಕಿ, ಹೊಗಿ, ಧೂಳು ಬರ್ತೈತಿ, ಕುರುಡಗೂ ಗೊತ್ತಾಗಬೇಕು ಎಲ್ಲಿಂದ ಹೊಡದ್ರು ಅಂತ. ಅದಕ ಒಂದು ಹೊಡದ್ರ ಜೀಪು ಸರಸಲೇಬೇಕು. ಸೈಟೇಶನ್‌ದಾಗ ಜಾಗ ಬದಲ ಮಾಡಿದ ಅನ್ನೋ ಆ ಒಂದು ಮಾತು ಇದನ್ನ ತಿಳಕೊಂಡ ಮ್ಯಾಲೆ ಓದ್ರಿ, ಮೈ ಜುಮ್ ಅಂತೈತಿ. ತಗಡು ಸುದ್ದಾ ಇಲ್ಲದ ತೆರದ ಜೀಪು ಅದು.

ಟ್ಯಾಂಕ್ ಗುರ್ತು ಹಿಡಿಯಾಕ ದಾರ್ಯಾಗ ಇಳೀರಿ

ರಾಯಚೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದ್ರ ಅದು ಸೊಲ್ಲಾಪುರ, ದೌಂಡ್, ಅಹ್ಮದ್‌ನಗರ, ಮನ್ಮಾಡ್ ಮ್ಯಾಲೆ ಹಾದು ದಿಲ್ಲಿಗೆ ಹೋಗತೈತಿ. ಕೊಪ್ಪಳ, ಗಂಗಾವತಿ, ಸಿಂಧನೂರಿನವ್ರು ಬಸ್ಸಿಗೆ ರಾಯಚೂರು ತನಕ ಬರೋದ ಸುಲಭ, ಬಳ್ಳಾರಿಯವ್ರಿಗೆ ಗುಂತಕಲ್ ಹತ್ರ ಆಗತೈತಿ, ಅದೂ ಇದ ಗಾಡಿ. ಈ ಅಹ್ಮದ್‌ನಗರದಾಗ (ಈಗ ಅಹಿಲ್ಯಾನಗರ ಅಂತ ಹೆಸರ ಬದಲಾಗೈತಿ) ಸೈನ್ಯದ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಐತಿ. ಟಿಕೆಟ್ ಎರಡು ತುಂಡು ಮಾಡಿಸಿ ಒಂದು ದಿನ ಅಲ್ಲಿ ಇಳೀರಿ. ನಾವು ಮೊದಲ ಸಲ ಇಳೀಲಿಲ್ಲ, ಸೀದಾ ದಿಲ್ಲಿಗೆ ಹೋದ್ವಿ, ಅಸಲ್ ಉತ್ತರ್‌ನ್ಯಾಗ ನಿಂತಾಗ ಶರ್ಮನ್ ಯಾವ್ದು ಪ್ಯಾಟನ್ ಯಾವ್ದು ಅಂತ ಗೊತ್ತಾಗದ ಪೇಚಾಡಿದ್ವಿ, ವಾಪಸ್ ಬರ್ತಾ ಇಳದು ನೋಡಿದ್ವಿ. ಉಲ್ಟಾ ಮಾಡಬ್ಯಾಡ್ರಿ.

ಇಷ್ಟು ಗುರ್ತು ಇಟ್ಕೊಂಡ್ರ ಸಾಕು. ಪ್ಯಾಟನ್ ಅಂದ್ರ ಒಂದ ಟ್ಯಾಂಕ್ ಅಲ್ಲ, ಇಲ್ಲಿ ಬಂದದ್ದು ಎರಡು ನಮೂನಿ: ಎಂ-47, ಎಂ-48. ಎಂ-47ದು ಮ್ಯಾಲಿನ ಗುಮ್ಮಟ, ಟರೆಟ್ ಅಂತಾರ, ಮುಂದ ಚೂಪಾಗಿ ಹಿಂದ ಉದ್ದಾಗಿರ್ತೈತಿ. ಎಂ-48ದು ಆಮಿ ಬೆನ್ನಿನಂಗ ಗುಂಡಗ. ಎಂ-47ರ ಮುಂದಿನ ತಗಡಿನ್ಯಾಗ ಮಷಿನ್‌ಗನ್‌ಗೆ ಒಂದು ತೂತು ಇರ್ತೈತಿ, ಅದಕ್ಕಂತ ಐದನೇ ಮನಶ್ಯಾ ಒಳಗ ಕುಂದರ್ತಿದ್ದ. ಎಂ-48ದಾಗ ಅದಿಲ್ಲ, 4 ಮಂದಿ ಅಷ್ಟ. ಎರಡಕ್ಕೂ 90 ಎಂ.ಎಂ. ತೋಪು. ನಮ್ಮ ಕಡೆ ಸೆಂಚೂರಿಯನ್ ಗುರ್ತಿಸೋದು ಇನ್ನೂ ಸಸಾರ, ಗಾಲಿ ಮ್ಯಾಲೆ ಎರಡೂ ಬಾಜೂ ಉದ್ದಕ ತಗಡಿನ ಪರದಿ ಇರ್ತೈತಿ. ನಮ್ಮ ಕಡೆ ಇದ್ದದ್ದು ಮೂರು ರೆಜಿಮೆಂಟು: 3 ಕ್ಯಾವಲ್ರಿ ಕಡೆ ಸೆಂಚೂರಿಯನ್, ಡೆಕ್ಕನ್ ಹಾರ್ಸ್ ಕಡೆ ಎರಡನೇ ಮಹಾಯುದ್ಧದ ಹಳೇ ಶರ್ಮನ್, 8 ಕ್ಯಾವಲ್ರಿ ಕಡೆ ಫ್ರಾನ್ಸಿನ ಹಗುರದ ಎ.ಎಂ.ಎಕ್ಸ್-13.

ಡೆಕ್ಕನ್ ಹಾರ್ಸ್ ಅಂದ ಕೂಡ್ಲೆ ಕಿವಿ ನಿಮಿರ್ತು ಅಲ್ಲ? ನನಗೂ ಹಂಗ ಆತು. ಇದು 1790ರಾಗ ಹೈದರಾಬಾದ್ ನಿಜಾಮನ ಸಲುವಾಗಿ ಕಟ್ಟಿದ ಕುದುರಿ ಪಡೆಯಿಂದ ಬೆಳದು ಬಂದ ರೆಜಿಮೆಂಟು, ಅಂದ್ರ ರಾಯಚೂರು, ಕೊಪ್ಪಳ ಯಾವ ರಾಜ್ಯದಾಗ ಇದ್ವೋ ಅದ ರಾಜ್ಯದ ಹೆಸರಿನ್ಯಾಗ ಹುಟ್ಟಿದ್ದು. ಆದ್ರ ಇದನ್ನ ಹಿಡಕೊಂಡು ನಿಜಾಮನ ಸೈನ್ಯ ಪಂಜಾಬ್ ಉಳಿಸ್ತು ಅಂತ ಪೋಸ್ಟ್ ಹಾಕಬ್ಯಾಡ್ರಿ. ಬಾಳ ಹಿಂದ ಅದು ಬ್ರಿಟಿಷ್ ಆಫೀಸರ್ ಕೈಯಾಗಿನ ಹೈದರಾಬಾದ್ ಕಂಟಿಂಜೆಂಟ್ ಆಗಿ, ಅಲ್ಲಿಂದ ಬ್ರಿಟಿಷ್ ಇಂಡಿಯನ್ ಆರ್ಮಿಗೆ ಸೇರಿ, ಮೊದಲ್ನೇ ಮಹಾಯುದ್ಧದಾಗ ಫ್ರಾನ್ಸಿನ ತನಕ ಹೋಗಿ ಬಂದಿತ್ತು. 1948ರಾಗ ನಿಜಾಮನ ಕಡೆ ನಿಂತ ಸೈನ್ಯನ ಬ್ಯಾರೆ. ಇನ್ನೊಂದು ನಂಟು ಮಾತ್ರ ಗಟ್ಟಿ: 1948 ಸೆಪ್ಟೆಂಬರ್ 13ಕ್ಕ ಸೊಲ್ಲಾಪುರ ಕಡಿಯಿಂದ ಟ್ಯಾಂಕ್ ನುಗ್ಗಿಸಿ ನಾಲ್ಕೈದು ದಿನದಾಗ ಹೈದರಾಬಾದ್ ಕಾರ್ಯಾಚರಣಿ ಮುಗಿಸಿದ ಜೆ.ಎನ್. ಚೌಧುರಿ, 1965ರಾಗ ಇಡೀ ಭೂಸೇನೆಯ ಮುಖ್ಯಸ್ಥ ಆಗಿದ್ರು. ನಾವು ಹೈದರಾಬಾದ್ ವಿಮೋಚನೆ ದಿನ ಅಂತ ಸೆಪ್ಟೆಂಬರ್ 17ಕ್ಕ ಝಂಡಾ ಹಾರಸ್ತೀವಲ್ಲ, ಅದಕ್ಕೂ ಈ ಯುದ್ಧಕ್ಕೂ ಇರೋ ಕೊಂಡಿ ಇವ್ರು.

ದಿಲ್ಲಿ, ಅಮೃತಸರ, ಖೇಮಕರಣ್

ದಿಲ್ಲಿಯಿಂದ ಅಮೃತಸರಕ್ಕ ಶತಾಬ್ದಿ ಐತಿ, ಉಳದ ಗಾಡಿನೂ ಬೇಕಾದಷ್ಟು. ಉಳಕೊಳ್ಳೋದು ಅಮೃತಸರದಾಗ ಉಳ್ಕೊಳ್ರಿ, ಗಡಿ ಊರಿನ್ಯಾಗ ಲಾಡ್ಜ್ ಹುಡುಕ್ಕೋತ ಕುಂದರಬ್ಯಾಡ್ರಿ. ಸ್ವರ್ಣ ಮಂದಿರದ ಸರಾಯಿನೂ ಐತಿ, ಲಂಗರ್ ಊಟನೂ ಐತಿ, ನಮ್ಮ ಮಾಮ ಎರಡು ದಿನಕ್ಕ ಕಟಗರೊಟ್ಟಿ, ಶೇಂಗಾ ಚಟ್ನಿ ಮರತ. ಅಮೃತಸರದಿಂದ ಅಟ್ಟಾರಿ ರಸ್ತಾದಾಗ ಪಂಜಾಬ್ ಸರ್ಕಾರದ ಯುದ್ಧ ವೀರರ ಸ್ಮಾರಕ ಮ್ಯೂಸಿಯಂ ಐತಿ, 45 ಮೀಟರ್ ಎತ್ತರದ ಖಡ್ಗ ದೂರದಿಂದನ ಕಾಣ್ತೈತಿ, ಅರ್ಧ ದಿನ ಅಲ್ಲಿ ಕಳದು ಮರುದಿನ ಖೇಮಕರಣ್ ಕಡೆ ಹೊಂಡ್ರಿ.

ಭಿಖಿವಿಂಡ್ ಮ್ಯಾಲೆ ಬಸ್ ಸಿಗತೈತಿ, ಬ್ರಾಡ್‌ಗೇಜ್ ಪ್ಯಾಸೆಂಜರ್ ಗಾಡಿನೂ ತರನ್ ತಾರನ್, ಪಟ್ಟಿ ಮ್ಯಾಲೆ ಖೇಮಕರಣ್ ತನಕ ಐತಿ, ಆದ್ರ ದಾರ್ಯಾಗ ಇಳದು ಇಳದು ನೋಡಬೇಕಂದ್ರ ನಾಲ್ಕು ಮಂದಿ ಕೂಡಿ ಟ್ಯಾಕ್ಸಿ ಮಾಡೋದ ಬೇಷ್. ಹಿಂದಿ ಬಂದ್ರ ಸಾಕು. ಆಧಾರ್ ಕಿಸೆದಾಗ ಇರಲಿ. ಡ್ರೋನ್ ಇದ್ರ ಮನ್ಯಾಗ ಬಿಟ್ಟು ಬರ್ರಿ, ಇದು ಗಡಿ, ಡ್ರೋನ್ ಅಂದ್ರ ಅಲ್ಲಿ ಸ್ಮಗ್ಲಿಂಗ್ ಅನ್ನೋದ ಮೊದಲ ಅರ್ಥ. ಬಿ.ಎಸ್.ಎಫ್. ಪೋಸ್ಟ್, ಬೇಲಿ, ಬಂಕರ್ ಫೋಟೋ ತಗಿಯಾಕ ಹೋಗಬ್ಯಾಡ್ರಿ. ಹೊಲದಾಗ ಕಬ್ಬಿಣದ ತುಂಡು ಏನರ ಕಂಡ್ರ ಮುಟ್ಟಬ್ಯಾಡ್ರಿ, ನೆನಪಿಗಂತ ತರೋದಂತೂ ಬ್ಯಾಡ.

ಒಂದು ಕೆಲಸಕ್ಕ ಬರೋ ಮಾತು: ಹಳೇ ದಾಖಲಿ, ನಕಾಶಿ ಹುಡುಕುವಾಗ ಅಮೃತಸರ ಜಿಲ್ಲಾ ಅಂತ ಹುಡುಕ್ರಿ. ಖೇಮಕರಣ್ ಈಗ ಇರೋ ತರನ್ ತಾರನ್ ಜಿಲ್ಲಾ ಆದದ್ದು 2006ರಾಗ.

ಯಾವಾಗ ಹೋಗೋದು? ಡಿಸೆಂಬರ್, ಜನವರಿಯಾಗ ಮಂಜು ಬಿದ್ದು ಹತ್ತು ಹೆಜ್ಜಿ ಮುಂದ ಕಾಣಂಗಿಲ್ಲ. ಫೆಬ್ರವರಿ, ಮಾರ್ಚ್ ಆರಾಮ, ಗೋಧಿ ಹಸರ ಇರ್ತೈತಿ. ಆದ್ರ ಯುದ್ಧ ತಿಳೀಬೇಕಂದ್ರ ಸೆಪ್ಟೆಂಬರ್ 10ರ ಆಸುಪಾಸಿಗೆ ಹೋಗ್ರಿ, ಸೆಕಿ ಐತಿ ಖರೆ, ಬೆವರು ಸುರೀತೈತಿ, ಆದ್ರ ಅದ ಸೆಕಿ ಅವತ್ತೂ ಇತ್ತು, ಬೆಳೆನೂ ಎತ್ತರ ನಿಂತಿರ್ತೈತಿ. ಅಬ್ದುಲ್ ಹಮೀದ್ ಸಮಾಧಿ ಮುಂದ ಆ ದಿನ ಕಾರ್ಯಕ್ರಮ ಇರ್ತೈತಿ, ಮಂದಿ ಸೇರ್ತಾರ.

ಜಾಗದ ಮ್ಯಾಲೆ ನಿಂತಾಗ

ಸಮಾಧಿ ಹತ್ರ ಒಂದು ಪ್ಯಾಟನ್ ನಿಲ್ಲಿಸ್ಯಾರ. ಎಲ್ಲಾರೂ ಮಾಡೋ ಮೊದಲ್ನೇ ತಪ್ಪು ಇಲ್ಲೆ, ಈ ಟ್ಯಾಂಕ್ ಇಲ್ಲೇ ಸತ್ತಿತ್ತು ಅಂತ ಅನ್ಕೊಳ್ಳೋದು. ಯುದ್ಧ ಮುಗದ ಮ್ಯಾಲೆ ಸಿಕ್ಕ ಟ್ಯಾಂಕೆಲ್ಲಾ ಎಳಕೊಂಡು ಬಂದು ಭಿಖಿವಿಂಡ್ ಹತ್ರ ಸಾಲಾಗಿ ನಿಲ್ಲಿಸಿದ್ರು, ಪ್ಯಾಟನ್ ನಗರ ಅಂತ ಹೆಸರ ಬಿತ್ತು, ಮಂದಿ ಜಾತ್ರಿಗೆ ಬಂದಂಗ ಬಂದು ನೋಡಿ ಹೋದ್ರು. ಅಲ್ಲಿಂದ ದೇಶದ ಬ್ಯಾರೆ ಬ್ಯಾರೆ ಊರಿಗೆ ಒಂದೊಂದು ಹಂಚಿದ್ರು. ಅಂದ್ರ ನಿಂತ ಟ್ಯಾಂಕು ಬರೇ ಗೊಂಬಿ ಇದ್ದಂಗ, ಜಾಗ ಹೇಳಂಗಿಲ್ಲ. ಅದರ ಮೈ ಮ್ಯಾಲಿನ ತೂತು ಕೂಡ ಯುದ್ಧದ್ದೋ, ನಂತರ ಗುಂಡು ಹೊಡದು ಪ್ರಾಕ್ಟೀಸ್ ಮಾಡಿದ್ದೋ, ನೋಡಿದ ಕೂಡ್ಲೆ ತೀರ್ಪು ಕೊಡಬ್ಯಾಡ್ರಿ.

ಜಾಗ ಹೇಳೋದು ನಿಮ್ಮ ಕೈಯಾಗಿನ ಸೈಟೇಶನ್. ಚೀಮಾ ಹಳ್ಳಿ ಮುಂದ, ಖೇಮಕರಣ್ ಕಡೆ ಮುಖ ಮಾಡಿ, ಮುಂಜಾನಿ 8ಕ್ಕ ಹೋಗಿ ನಿಲ್ರಿ. ಸೂರ್ಯಾ ಎಡಕ್ಕ, ಸ್ವಲ್ಪ ಹಿಂದಕ ಇರ್ತಾನ. ಟ್ಯಾಂಕ್ ಬಂದದ್ದು ಎದುರಿಂದ, ಅಂದ್ರ ಬಿಸಿಲು ಅವ್ರ ಮುಖದ ಬಾಜೂಕ ಬೀಳತಿತ್ತು. ನೆಲ ಅಂಗೈಯಷ್ಟು ಸಪಾಟು. ಗುಡ್ಡ ಇಲ್ಲ, ಬಂಡಿ ಇಲ್ಲ, ನಮ್ಮ ಆನೆಗುಂದಿ ಕಡಿಯವ್ರಿಗೆ ಕಣ್ಣಿಗೆ ಆಸರಾನ ಸಿಗಂಗಿಲ್ಲ. ಹಂಗಾದ್ರ ಜೀಪು ಎಲ್ಲಿ ಅಡಗಿತ್ತು? ಸೆಂಚೂರಿಯನ್ ಎಲ್ಲಿ ಅಡಗಿದ್ವು? ಉತ್ತರ ಬೆಳೆದಾಗ ಐತಿ. ಪ್ಯಾಟನ್ ಎತ್ತರ ಸುಮಾರು 10 ಅಡಿ, ಸೆಪ್ಟೆಂಬರ್‌ದ ಕಬ್ಬೂ ಹೆಚ್ಚೂಕಮ್ಮಿ ಅಷ್ಟ. ಟ್ಯಾಂಕ್ ಒಳಗಿನವನಿಗೆ ಕಬ್ಬು ಬಿಟ್ರ ಏನೂ ಕಾಣಂಗಿಲ್ಲ, ಹೊರಗ ಕುಂತವನಿಗೆ ಕಬ್ಬು ಅಲಗಾಡೋದು ಕಾಣ್ತೈತಿ. ಈಗ ನೀವು ಹೋದ್ರ ಅಲ್ಲಿ ಎಲ್ಲಾ ಕಡೆ ಭತ್ತ, ಸ್ವಂಟದ ಮಟ ಸುದ್ದಾ ಬರಂಗಿಲ್ಲ. ಪಂಜಾಬಿನ್ಯಾಗ ಇಷ್ಟು ಭತ್ತ ಬಂದದ್ದು ಹಸಿರು ಕ್ರಾಂತಿ ಆದ ಮ್ಯಾಲೆ. ಈಗಿನ ಗದ್ದಿ ನೋಡಿ, ಇಂಥಾ ಬಯಲಾಗ ಜೀಪು ಕಾಣಲಿಲ್ಲಾ ಅಂದ್ರ ಕತಿನ ಸುಳ್ಳು ಅಂತ ಒಬ್ಬ ಪ್ರವಾಸಿ ನಮ್ಮ ಮುಂದ ವಾದ ಮಾಡಿದ. ನೆಲ ಅದ, ಬೆಳೆ ಬ್ಯಾರೆ ಅನ್ನೋದು ಅವನ ತಲಿಗೆ ಹೋಗಲೇ ಇಲ್ಲ.

ಇನ್ನ ಕೆಸರಿನ ಮಾತು. ನಮ್ಮವ್ರು ಕಾಲುವಿ ಒಡದು ಹೊಲಕ್ಕ ನೀರು ಬಿಟ್ರು, ಟ್ಯಾಂಕ್ ಹೂತವು ಅಂತ ಎಲ್ಲಾರೂ ಹೇಳ್ತಾರ, ಅದು ಖರೆನ. ನಾನು ಫೋಟೋ ತಗಿಯಾಕತ್ತಾಗ ನಮ್ಮ ಮಾಮ ಚಪ್ಪಲಿ ಬಿಟ್ಟು ಬದುವಿನ ಮ್ಯಾಲಿಂದ ಕೆಳಗ ಇಳದು ಒಂದು ಹಿಡಿ ಮಣ್ಣು ತಗದ. ಹಿಚುಕಿದ. ಬೆರಳ ಸಂದ್ಯಾಗಿಂದ ಸಣ್ಣಗ ಜಿನುಗಿ ಹೊರಗ ಬಂತು, ಬಣ್ಣ ಬೂದಿ ಬೂದಿ. "ಇದು ನಮ್ಮ ಎರಿ ಮಣ್ಣಲ್ಲೋ, ಎರಿ ಆಗಿದ್ರ ಕೈಗೆ ಮೆತ್ಗೊಂಡು ಬಿಡತಿರಲಿಲ್ಲ" ಅಂದ.

"ಹಂಗಾದ್ರ ಇಲ್ಲಿ ಹೂಳಂಗಿಲ್ಲೇನು ಮಾಮಾ?"

"ಹೂಳತೈತಿ. ಮ್ಯಾಲೆ ಕೆನಿ ಕಟ್ಟಿ ಗಟ್ಟಿ ಇದ್ದಂಗ ಕಾಣ್ತೈತಿ, ಕಾಲಿಟ್ರ ಒಳಗ ಅಂಬಲಿ. ಎರಿ ನೆಲ ಮೊದಲ ಹೇಳ್ತೈತಿ ಬರಬ್ಯಾಡ ಅಂತ, ಇದು ಹೇಳಂಗಿಲ್ಲ."

ಅವ ಕಾರಟಗಿ ಹತ್ರ ಕೇಜ್ ವೀಲ್ ಹಾಕಿ ಗದ್ದಿ ಹೊಡಿಯೋ ಮನಶ್ಯಾ, 30 ವರ್ಷದಾಗ ಎಷ್ಟು ಸಲ ಟ್ರ್ಯಾಕ್ಟರ್ ಹೂತು ಇನ್ನೊಂದು ಟ್ರ್ಯಾಕ್ಟರ್ ಕಟ್ಟಿ ಎಳಸ್ಯಾನೋ. ಪ್ಯಾಟನ್ ತೂಕ ಸುಮಾರು 45 ಟನ್ ಅಂತ ನಾನು ಅಂದೆ. ಅವ ಒಂದ್ಸಲ ಲೆಕ್ಕ ಹಾಕಿದ, ಟ್ಯಾಂಕಿನ ಗಾಲಿ ಸುತ್ತಿನ ಪಟ್ಟಿ ಅಗಲ ಐತಿ, ಭಾರ ಹರಡತೈತಿ, ನಿಂತಲ್ಲೆ ಹೂಳಂಗಿಲ್ಲ, ಆದ್ರ ಹೊಳ್ಳಿಸಾಕ ಹೋದಾಗ ಪಟ್ಟಿ ಮಣ್ಣು ಕೆತ್ತತೈತಿ, ಒಮ್ಮಿ ಹೊಟ್ಟಿ ನೆಲಕ್ಕ ಹತ್ತಿತಂದ್ರ 45 ಟನ್ ಎಳಿಯಾಕ ಇನ್ನೊಂದು ಟ್ಯಾಂಕ್ ಬರಬೇಕು, ಅದೂ ಹೂಳತೈತಿ ಅಂದ. ಇದು ಯಾವ ಪುಸ್ತಕದಾಗ ನಾನು ಓದಿದ್ದಕ್ಕಿಂತ ಚಲೋ ಅರ್ಥ ಆತು. ಒಕ್ಕಲುತನ ಮಾಡೋ ಹಿರೇರನ್ನ ಕರಕೊಂಡು ಹೋಗ್ರಿ, ಗೈಡ್‌ಗಿಂತ ಮೇಲು.

ಆದ್ರ ಕೆಸರ ಗೆಲ್ಲಿಸ್ತು ಅನ್ನೋದೂ ಅರ್ಧ ಕತಿ. ಹೂತ ಟ್ಯಾಂಕು ಸುಮ್ಮನ ಸಾಯಂಗಿಲ್ಲ, ಅದರ ತೋಪು ಇನ್ನೂ ಹೊಡೀತಿರ್ತೈತಿ. ಲಾಳದ ಎರಡೂ ಬಾಜೂಕ ಅಡಗಿದ್ದ ಲೆಫ್ಟಿನೆಂಟ್ ಕರ್ನಲ್ ಸಲೀಂ ಕೇಲಬ್ ಅವ್ರ 3 ಕ್ಯಾವಲ್ರಿ ಸೆಂಚೂರಿಯನ್, ಡೆಕ್ಕನ್ ಹಾರ್ಸ್ ಶರ್ಮನ್, ತೋಪುಖಾನಿ, ಜೀಪಿನ ಗನ್ನು ಎಲ್ಲಾ ಕೂಡಿ ಬಾಜೂಯಿಂದ ಹೊಡದದ್ದಕ್ಕ ಕೆಲಸ ಆದದ್ದು. ಕೇಲಬ್ ಅವ್ರಿಗೆ ಮಹಾವೀರ ಚಕ್ರ ಸಿಕ್ತು. ಹಮೀದ್ ಒಬ್ಬನ ಯುದ್ಧ ಗೆದ್ದ ಅನ್ನೋರು ಇವ್ರನ್ನೆಲ್ಲಾ ಅಳಿಸಿ ಹಾಕ್ತಾರ, ಅದು ಹಮೀದ್‌ಗೂ ಮರ್ಯಾದಿ ಅಲ್ಲ.

97 ಅನ್ನೋ ನಂಬರು

ಬೋರ್ಡ್, ಪುಸ್ತಕ, ಭಾಷಣ ಎಲ್ಲಾ ಕಡೆ 97 ಟ್ಯಾಂಕ್ ಅಂತ ಕಾಣ್ತೈತಿ. ನೋಟ್‌ಬುಕ್ಕಿನ ಮೂರ ಸಾಲು ಇಲ್ಲಿ ಹಾಕಿ ನೋಡ್ರಿ. ಯಾರು ಹೇಳಿದ್ರು: ನಮ್ಮ ಕಡಿಯವ್ರು. ಎಲ್ಲಿದ್ರು: ಕೊನೀಗೆ ರಣಭೂಮಿ ನಮ್ಮ ಕೈಯಾಗ ಇತ್ತು, ಅದಕ ಎಣಿಸಾಕ ಸಿಕ್ತು, ಸಾಲಾಗಿ ನಿಲ್ಲಿಸಿ ತೋರಸಾಕೂ ಸಿಕ್ತು, ಇದು ಈ ಲೆಕ್ಕಕ್ಕಿರೋ ದೊಡ್ಡ ಬಲ. ಏನೇನು ಸೇರೈತಿ: ಸುಟ್ಟದ್ದು, ಹೂತದ್ದು, ಚಲೋ ಇದ್ದು ಬಿಟ್ಟು ಓಡಿಹೋದದ್ದು ಎಲ್ಲಾ, ಮತ್ತ ಬರೇ ಪ್ಯಾಟನ್ ಅಲ್ಲ, ಅವ್ರ ಶರ್ಮನ್, ಚಾಫಿ ಅನ್ನೋ ಹಗುರ ಟ್ಯಾಂಕ್ ಸುದ್ದಾ. 97 ಪ್ಯಾಟನ್ ಸುಟ್ವಿ ಅಂತ ಯಾರರ ಅಂದ್ರ ನಂಬರ್ ಸರಿ ಐತಿ, ವಾಕ್ಯ ತಪ್ಪೈತಿ. ಪಾಕಿಸ್ತಾನದ 4 ಕ್ಯಾವಲ್ರಿ ಅನ್ನೋ ರೆಜಿಮೆಂಟ್ ಹೆಚ್ಚೂಕಮ್ಮಿ ಪೂರ್ತಿ ಹೋತು, ಅದರ ಕಮಾಂಡಿಂಗ್ ಆಫೀಸರ್ 11ನೇ ತಾರೀಖು ತನ್ನ ಆಫೀಸರ್‌ಗಳ ಜೋಡಿ ಶರಣಾದ, ಇದು ನಂಬರಿಗಿಂತ ಗಟ್ಟಿ ಸಾಕ್ಷಿ.

ಎರಡನೇ ಮಹಾಯುದ್ಧ ಆದ ಮ್ಯಾಲಿನ ಅತೀ ದೊಡ್ಡ ಟ್ಯಾಂಕ್ ಯುದ್ಧ ಅನ್ನೋದು ಇನ್ನೊಂದು. ಅದ ತಿಂಗಳ ಸಿಯಾಲ್‌ಕೋಟ್ ಕಡೆ ಚವಿಂಡಾದಾಗ ಆದ ಯುದ್ಧಕ್ಕೂ ಇದ ಬಿರುದು ಕೊಡ್ತಾರ. ಒಂದ ಕಿರೀಟ ಎರಡು ತಲಿ ಮ್ಯಾಲೆ ಕುಂದರಂಗಿಲ್ಲ, ಹಂಗಾಗಿ ನಾನು ದೊಡ್ಡ ಟ್ಯಾಂಕ್ ಯುದ್ಧಗಳಾಗ ಒಂದು ಅಂತ ಬರ್ಕೊಂಡೆ.

ಹಳ್ಳಿ ಹೆಸರಿಂದೂ ತಮಾಷಿ ಐತಿ. ತಕ್ಕ ಉತ್ತರ ಕೊಟ್ಟದ್ದಕ್ಕ ಅಸಲ್ ಉತ್ತರ್ ಅಂತ ಹೆಸರ ಬಂತು ಅಂತಾರ. ಹಳ್ಳಿ ಯುದ್ಧಕ್ಕಿಂತ ಮೊದಲ ಇತ್ತು, ಹೆಸರೂ ಮೊದಲಿಂದ ಇತ್ತು, ಶ್ಲೇಷೆ ಆಮ್ಯಾಲೆ ಹುಟ್ಟಿತು, ಅದೂ ಚಲೋನ ಹುಟ್ಟಿತು.

ಹಿರೇರ ಜೋಡಿ ಮಾತಾಡೋದು

ಈ ಭಾಗ ಸೂಕ್ಷ್ಮ. ಖೇಮಕರಣ್ ಬಜಾರದಾಗ ಲಸ್ಸಿ ಕುಡಿಯಾಕ ಕುಂತಾಗ ಒಬ್ಬ ಹಿರೇ ಸರ್ದಾರ್‌ಜಿ ತಾವಾಗೇ ಮಾತಿಗೆ ಬಂದ್ರು. ಮಾಳಿಗಿ ಮ್ಯಾಲೆ ನಿಂತು 70 ಟ್ಯಾಂಕ್ ಉರಿಯೋದು ನೋಡಿದೆ ಅಂದ್ರು. ನಾನು ಪಟಪಟ ಬರ್ಕೊಂಡೆ. ನಮ್ಮ ಮಾಮ ಮೆಲ್ಲಗ ತನ್ನ ಹರಕು ಹಿಂದ್ಯಾಗ ಕೇಳಿದ, "ಬಾಬಾಜಿ, ಆವಾಗ ನಿಮ್ಮ ಮನ್ಯಾಗ ದನಾ ಎಷ್ಟಿದ್ವು, ಅವನ್ನ ಏನ್ ಮಾಡಿದ್ರಿ?" ಅಂತ. ಅವ್ರು ಸುಮ್ಮನಾದ್ರು. ಆಮ್ಯಾಲೆ ಹೇಳಿದ್ರು, ದನಾ ಬಿಚ್ಚಿ ಬಿಟ್ಟು ರಾತ್ರೋರಾತ್ರಿ ನಡಕೊಂಡು ಪಟ್ಟಿ ಊರಿನ ಕಡೆ ಸಂಬಂಧಿಕರ ಮನಿಗೆ ಹೋದ್ವಿ, ಟ್ಯಾಂಕ್ ಉರದದ್ದು ಆಮ್ಯಾಲೆ ಚಿಕ್ಕಪ್ಪ ಹೇಳಿದ್ದು. ವಾಪಸ್ ಬಂದಾಗ ಚಳಿಗಾಲ ಮುಗೀತಾ ಬಂದಿತ್ತು, ಮನಿಗೆ ಬಾಗಿಲಾನೂ ಇರಲಿಲ್ಲ, ಚೌಕಟ್ಟೂ ಇರಲಿಲ್ಲ, ಗ್ವಾಡಿ ಅಷ್ಟ ನಿಂತಿತ್ತು.

ಅವ್ರು ಸುಳ್ಳು ಹೇಳಿದ್ರು ಅಂತ ನನಗ ಅನಿಸಲಿಲ್ಲ. 60 ವರ್ಷ ಕೇಳಿ ಕೇಳಿ ಚಿಕ್ಕಪ್ಪನ ಕಣ್ಣು ಇವ್ರ ಕಣ್ಣಾಗಿಬಿಟ್ಟಿತ್ತು. ಹಂಗಾಗಿ ಎಷ್ಟು ಟ್ಯಾಂಕ್ ನೋಡಿದ್ರಿ ಅಂತ ಕೇಳಬ್ಯಾಡ್ರಿ. ಆವತ್ತು ಊಟ ಏನಿತ್ತು, ಯಾರ ಕೈ ಹಿಡಕೊಂಡು ಹೋದ್ರಿ, ವಾಪಸ್ ಬಂದಾಗ ಮೊದಲ ಏನ್ ಕಂಡ್ತು ಅಂತ ಕೇಳ್ರಿ. ಅವ್ರ ಮಾತು ಮುರದು ತಪ್ಪು ಹಿಡಿಯಾಕ ಹೋಗಬ್ಯಾಡ್ರಿ, ಹಿರೇರು, ನಾವು ಬಂದ ಅತಿಥಿಗಳು.

ಆ ಬಾಗಿಲದ ಮಾತು ನನಗ ಇನ್ನೊಂದು ಪೇಜು ಬರಸ್ತು. ಅಸಲ್ ಉತ್ತರ್‌ನ್ಯಾಗ ನಾವು ಗೆದ್ವಿ ಅಂದ ಮ್ಯಾಲೆ ಬಾಜೂಕಿನ ಖೇಮಕರಣ್ ಯಾಕ ಇವ್ರಿಗೆ ಚಳಿಗಾಲ ಮುಗಿಯೋತನಕ ಸಿಗಲಿಲ್ಲ? ಯಾಕಂದ್ರ ಪಾಕಿಸ್ತಾನ ಮೊದಲ ಹಿಡದಿದ್ದ ಖೇಮಕರಣ್ ಊರನ್ನ ನಮ್ಮವ್ರಿಗೆ ವಾಪಸ್ ತಗೊಳ್ಳಾಕ ಆಗಲಿಲ್ಲ. ಪ್ರಯತ್ನ ಮಾಡಿದ್ರು, ಕೈಗೂಡಲಿಲ್ಲ, ಊರಿನ ಹಿಂದಕ ಕಳಿಸಿದ್ದ 4 ಸಿಖ್ ಬಟಾಲಿಯನ್‌ನ ಬಾಳ ಮಂದಿ ಸೆರಿ ಸಿಕ್ರು. ಸೆಪ್ಟೆಂಬರ್ 23ಕ್ಕ ಕದನವಿರಾಮ ಆದಾಗಲೂ ಊರು ಅವ್ರ ಕೈಯಾಗ ಇತ್ತು. 1966 ಜನವರಿ 10ರ ತಾಷ್ಕೆಂಟ್ ಒಪ್ಪಂದ ಆಗಿ ಸೈನ್ಯ ಹಿಂದ ಸರದ ಮ್ಯಾಲನ ಮಂದಿ ಮನಿಗೆ ಬಂದದ್ದು. ಬಿಯಾಸ್‌ಗೆ ಹೋಗೋ ಅವ್ರ ದಾಳಿ ಮುರದದ್ದೂ ಖರೆ, ಊರು ಅವ್ರ ಕೈಯಾಗ ಉಳದದ್ದೂ ಖರೆ. ಸ್ಮಾರಕದ ಬೋರ್ಡ್ ಮೊದಲ್ನೇದು ಹೇಳ್ತೈತಿ, ಬಾಗಿಲಿಲ್ಲದ ಮನಿ ಎರಡನೇದು ಹೇಳ್ತೈತಿ.

ತೀರ್ಪು ಕೊಡದ ಬಿಡಬೇಕಾದದ್ದು

ಒಂದು ಮಾತು ನೀವು ಕೇಳೇ ಕೇಳ್ತೀರಿ: ಯುದ್ಧದ ನಡುವ ಸೇನಾ ಮುಖ್ಯಸ್ಥ ಚೌಧುರಿಯವ್ರು ಸೈನ್ಯನ ಬಿಯಾಸ್ ಹಿಂದಕ ಸರಸಾಕ ಹೇಳಿದ್ರು, ಪಶ್ಚಿಮ ಕಮಾಂಡಿನ ಲೆಫ್ಟಿನೆಂಟ್ ಜನರಲ್ ಹರ್ಬಕ್ಷ್ ಸಿಂಗ್ ಒಪ್ಪಲಿಲ್ಲ ಅಂತ. ಹರ್ಬಕ್ಷ್ ಸಿಂಗ್ ಕಡಿಯಿಂದ ಬಂದ ಮಾತು ಇದು. ಪಂಜಾಬಿನ್ಯಾಗ ಇದನ್ನ ಪೂಜಾ ಮಾಡ್ತಾರ, ನಮ್ಮ ಕಡೆ ಹೈದರಾಬಾದ್ ಬಿಡಿಸಿದ ಚೌಧುರಿಯವ್ರ ಮ್ಯಾಲೆ ಅಭಿಮಾನ ಇದ್ದವ್ರು ಉರದು ಬೀಳ್ತಾರ. ನಾನು ಆ ಪೇಜಿನ್ಯಾಗ ಯಾರು ಹೇಳಿದ್ರು ಅನ್ನೋ ಸಾಲು ತುಂಬಿ, ಕೆಳಗ ಪ್ರಶ್ನಾರ್ಥಕ ಚಿಹ್ನಿ ಹಾಕಿ ಬಿಟ್ಟೀನಿ. ಅದು ಹಂಗ ಇರಲಿ, ಎಲ್ಲಾ ಪೇಜೂ ತುಂಬಬೇಕು ಅಂತೇನಿಲ್ಲ.

ಎದುರಿನವ್ರಿಂದೂ ಒಂದು ಪೇಜು ಇಡ್ರಿ. ಅವ್ರ ತೋಪುಖಾನಿ ಕಮಾಂಡರ್ ಬ್ರಿಗೇಡಿಯರ್ ಶಮ್ಮಿ 10ನೇ ತಾರೀಖು ಇಲ್ಲೇ ಸತ್ರು, ನಮ್ಮ ಸೈನ್ಯ ಮಿಲಿಟರಿ ಗೌರವ ಕೊಟ್ಟು ಮಣ್ಣು ಮಾಡ್ತು. ಫಾರ್ವರ್ಡ್ ಮೆಸೇಜಿನ್ಯಾಗ ಇದು ಬರಂಗಿಲ್ಲ, ಬಂದ್ರ ಲೈಕ್ ಬರಂಗಿಲ್ಲ ಅಂತನೋ ಏನೋ.

ವಾಪಸ್ ಬರೋ ಟಿಕೆಟ್ ಹೋಗೂ ಮೊದಲ ಮಾಡಸ್ರಿ, ದಿಲ್ಲಿಯಿಂದ ಈ ಕಡೆ ಬರೋ ಗಾಡಿಗೆ ವೇಟಿಂಗ್ ಲಿಸ್ಟ್ ಕಾಟ ಬಾಳ. 10ನೇ ತಾರೀಖು ಸಮಾಧಿ ಮುಂದ ಇದ್ದು, 11ಕ್ಕ ಅಮೃತಸರ ಬಿಟ್ರ, ಅಹ್ಮದ್‌ನಗರದಾಗ ಒಂದು ದಿನ ಇಳದ್ರೂ 17ರ ಝಂಡಾಕ್ಕ ಊರು ಮುಟ್ಟತೀರಿ. ನಾವು ಮುಟ್ಟಿದ್ವಿ. ಸಾಲಿ ಮೈದಾನದಾಗ ಭಾಷಣ ಮಾಡೋರು 1948ರಾಗ ಹೈದರಾಬಾದಿಗೆ ಇಷ್ಟು ಸಾವಿರ ಟ್ಯಾಂಕ್ ನುಗ್ಗಿದ್ವು ಅಂದ್ರು, ನಮ್ಮ ಮಾಮ ನನ್ನ ಕಿಸೆದಾಗಿನ ನೋಟ್‌ಬುಕ್ ಕಸಕೊಂಡು ಹೊಸಾ ಪೇಜು ತಗದ.